1,344 ಅಂಕಿ ಬೇಕೋ, 16 ಸಾಕೋ? ಬಳ್ಳಾರಿ ಬಿಸಿಲಲ್ಲಿ ಶುಗರ್ ಮೀಟರ್, ಸೆನ್ಸಾರ್, ಆ್ಯಪ್ ಮತ್ತು ನೋಟ್‌ಬುಕ್

ತೋಳಿಗೆ ಅಂಟಿಸಿಕೊಳ್ಳುವ ಫ್ರೀಸ್ಟೈಲ್ ಲಿಬ್ರೆ ಸೆನ್ಸಾರ್ ಕಾಲು ಗಂಟೆಗೊಂದು ಅಂಕಿ ಬರೆದಿಟ್ಟುಕೊಳ್ಳುತ್ತದೆ. ದಿನಕ್ಕೆ 96 ಆಯಿತು. ಅದರ ಆಯುಸ್ಸು ಹದಿನಾಲ್ಕು ದಿನ, ಒಟ್ಟು 1,344. ಅದೇ ಎರಡು ವಾರದಲ್ಲಿ ಬೆರಳು ಚುಚ್ಚಿ ನೋಡುವ ಮೀಟರಿನಿಂದ, ಹೊತ್ತು ನೋಡಿ ವಾರಕ್ಕೆ ಎಂಟು ಸಲ ಚುಚ್ಚಿದರೆ, 16 ಅಂಕಿ ಸಿಗುತ್ತವೆ. ಮಾತ್ರೆಯ ಮೇಲಿರುವ ಟೈಪ್ 2 ಶುಗರಿನವರಲ್ಲಿ ಬಹಳಷ್ಟು ಮಂದಿಗೆ ಆ 16 ಸಾಕು. ಮಿಕ್ಕ 1,328 ನಿದ್ದೆ ಕೆಡಿಸುವುದೇ ಹೆಚ್ಚು.

ನಮ್ಮ ಸೀಮೆಗೆ ಮಳೆ ಕಮ್ಮಿ, ಶುಗರ್ ಸಲಹೆ ಮಾತ್ರ ಬಾರಾಮಾಸಿ. ಬೆಳಗ್ಗೆ ಫ್ಯಾಮಿಲಿ ಗ್ರೂಪಿನಲ್ಲಿ ಬೆಂಡೆಕಾಯಿ ನೀರು, ಮಧ್ಯಾಹ್ನ ಅಮೃತಬಳ್ಳಿ ಕಷಾಯ, ರಾತ್ರಿ ಯಾವುದೋ ದೇಶದ ಡಾಕ್ಟರ ವಿಡಿಯೊ. ಇದರ ಮೇಲೆ ಮನೆಗೊಂದು ಮೆಷಿನ್, ಮೆಷಿನ್ನಿಗೊಂದು ಆ್ಯಪ್. ಹಾಗಾಗಿ ಬೆರಳಿನ ಮೀಟರ್, ತೋಳಿನ ಸೆನ್ಸಾರ್, ಫೋನಿನ ಆ್ಯಪ್, ಗೆರೆ ಎಳೆದ ನೋಟ್‌ಬುಕ್, ಈ ನಾಲ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇವೆ. ತಕ್ಕಡಿ ಇಷ್ಟೇ: ಇದು ಕೊಟ್ಟ ಅಂಕಿ ನೋಡಿ ಇವತ್ತು ತಟ್ಟೆಯಲ್ಲೋ, ನಡಿಗೆಯಲ್ಲೋ, ಮಾತ್ರೆಯ ಹೊತ್ತಿನಲ್ಲೋ ಏನಾದರೂ ಬದಲಾಗುತ್ತದೆಯೇ? ಬದಲಾಗದಿದ್ದರೆ ಆ ಅಂಕಿಗೆ ದುಡ್ಡು ಕೊಡಬೇಡಿ.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಟೈಪ್ 1 ಇರುವ ಮಕ್ಕಳು, ಗರ್ಭಿಣಿಯರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ದಿನಕ್ಕೆ ನಾಲ್ಕಾರು ಬಾರಿ ನೋಡಲೇಬೇಕಾಗುತ್ತದೆ, ಸೆನ್ಸಾರ್ ಅವರಿಗೆ ನಿಜಕ್ಕೂ ಕೆಲಸಕ್ಕೆ ಬರುವ ವಸ್ತು.

ಮೀಟರ್: ಡಬ್ಬಿಗಿಂತ ಸ್ಟ್ರಿಪ್ ಮುಖ್ಯ

ಮೆಡಿಕಲ್ ಶಾಪಿಗೆ ಹೋದವರು ಮೀಟರಿನ ಬೆಲೆ ಕೇಳುತ್ತಾರೆ. ಕೇಳಬೇಕಾದ್ದು ರಕ್ತದ ಹನಿ ಹೀರುವ ಪಟ್ಟಿಯ, ಅಂದರೆ ಸ್ಟ್ರಿಪ್ಪಿನ ಬೆಲೆ. ಮೀಟರ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಸ್ಟ್ರಿಪ್ ಒಂದಕ್ಕೆ ಕಂಪನಿ ನೋಡಿಕೊಂಡು ಹತ್ತರಿಂದ ಇಪ್ಪತ್ತು ರೂಪಾಯಿ ಆಚೀಚೆ ಬೀಳುತ್ತದೆ, ಅದು ಪ್ರತಿ ತಿಂಗಳ ಖರ್ಚು. ಒಂದು ಮೀಟರಿನ ಸ್ಟ್ರಿಪ್ ಇನ್ನೊಂದಕ್ಕೆ ಹೊಂದುವುದಿಲ್ಲ. ಒಂದೇ ಕಂಪನಿಯದಾದರೂ ಅಷ್ಟೇ: ಅಕ್ಯು-ಚೆಕ್ ಆ್ಯಕ್ಟಿವ್ ಸ್ಟ್ರಿಪ್ ಅಕ್ಯು-ಚೆಕ್ ಇನ್‌ಸ್ಟೆಂಟ್ ಮೀಟರಿಗೆ ಹೋಗದು. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡ ಮೀಟರಿಗೆ ಸಿರುಗುಪ್ಪದಲ್ಲೋ ಕುಷ್ಟಗಿಯಲ್ಲೋ ಮಾನ್ವಿಯಲ್ಲೋ ಸ್ಟ್ರಿಪ್ ಸಿಗದಿದ್ದರೆ ಅದು ಅಲಮಾರಿಯ ಸಾಮಾನು. ಆದ್ದರಿಂದ ಮೊದಲು ನಿಮ್ಮ ಓಣಿಯ ಎರಡು ಅಂಗಡಿಯಲ್ಲಿ ಯಾವ ಸ್ಟ್ರಿಪ್ ಸದಾ ಇರುತ್ತದೆ ಎಂದು ವಿಚಾರಿಸಿ, ಆಮೇಲೆ ಅದರ ಮೀಟರ್ ಕೊಳ್ಳಿ.

ಅಕ್ಯು-ಚೆಕ್, ಒನ್‌ಟಚ್, ಡಾ. ಮೊರೆಪೆನ್, ಕಾಂಟೂರ್ ಪ್ಲಸ್, ಈ ನಾಲ್ಕರಲ್ಲಿ ಮನೆಬಳಕೆಗೆ ಯಾವುದನ್ನು ಕೊಂಡರೂ ನಷ್ಟವಿಲ್ಲ. ಚಿಕ್ಕ ಚಿಕ್ಕ ವ್ಯತ್ಯಾಸ ಇವೆ. ಕಾಂಟೂರ್ ಪ್ಲಸ್‌ನಲ್ಲಿ ಮೊದಲ ಹನಿ ಸಾಲದಿದ್ದರೆ ಅದೇ ಸ್ಟ್ರಿಪ್ಪಿಗೆ ಇನ್ನಷ್ಟು ರಕ್ತ ಮುಟ್ಟಿಸಬಹುದು. ಕೈ ನಡುಗುವ ಹಿರಿಯರಿಗೆ ಇದು ದೊಡ್ಡ ಅನುಕೂಲ, ಸ್ಟ್ರಿಪ್ ದಂಡವಾಗುವುದಿಲ್ಲ. ಅಕ್ಯು-ಚೆಕ್ ಆ್ಯಕ್ಟಿವ್ ಬಣ್ಣ ಬದಲಾಗುವುದನ್ನು ಬೆಳಕಿನಿಂದ ಓದುವ ಮೀಟರ್, ಒಳಗೆ ರಕ್ತದ ಕಲೆ ಕೂತರೆ ತಕರಾರು ತೆಗೆಯುತ್ತದೆ. ಆಗಾಗ ಮುಚ್ಚಳ ತೆಗೆದು ಒರೆಸಬೇಕು. ಅಕ್ಷರ ದಪ್ಪಗೆ ಕಾಣುವ ಪರದೆ ನೋಡಿ ಆರಿಸಿ. ಬ್ಲೂಟೂತ್ ಇದೆಯೋ ಇಲ್ಲವೋ ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಮೀಟರಿನ ಮಾತು ಎಷ್ಟು ನಂಬಬೇಕು ಎಂಬ ಪ್ರಶ್ನೆ. ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡದ 2013ರ ಆವೃತ್ತಿಯ ಪ್ರಕಾರ, ನೂರರಲ್ಲಿ 95 ಅಳತೆಗಳು ಲ್ಯಾಬಿನ ಅಂಕಿಗೆ ಇಷ್ಟು ಹತ್ತಿರ ಇರಬೇಕು: ಶುಗರ್ 100ಕ್ಕಿಂತ ಕಡಿಮೆ ಇದ್ದಾಗ 15 ಅಂಕಿ ಆಚೀಚೆ, 100 ಮತ್ತು ಅದಕ್ಕಿಂತ ಮೇಲಿದ್ದಾಗ ಶೇ 15 ಆಚೀಚೆ. ಅಂದರೆ ನಿಜವಾದ ಶುಗರ್ 160 ಇದ್ದರೆ ಮೀಟರ್ 136 ತೋರಿಸಿದರೂ 184 ತೋರಿಸಿದರೂ ಅದು ಕೆಟ್ಟಿಲ್ಲ. ಈ ಒಂದು ಮಾತು ತಿಳಿದಿದ್ದರೆ ಅರ್ಧ ಗಾಬರಿ ಇಳಿಯುತ್ತದೆ. ನಿನ್ನೆ 148, ಇವತ್ತು 156 ಎಂದು ರಾತ್ರಿ ಊಟ ಬಿಡುವವರಿದ್ದಾರೆ. ಆ ಎರಡೂ ಒಂದೇ ಅಂಕಿ. ಒಂದೇ ಬೆರಳಿಗೆ ಮೂರು ಬಾರಿ ಚುಚ್ಚಿ ಮೂರು ಉತ್ತರ ಪಡೆದು, ಅದರಲ್ಲಿ ಕಡಿಮೆಯದನ್ನು ಡೈರಿಯಲ್ಲಿ ಬರೆಯುವುದೂ ಉಂಟು. ಸ್ಟ್ರಿಪ್ ದಂಡ, ಬೆರಳೂ ದಂಡ.

ಲ್ಯಾಬಿಗೂ ಮೀಟರಿಗೂ ತಾಳೆ ನೋಡುವುದಾದರೆ ಖಾಲಿ ಹೊಟ್ಟೆಯಲ್ಲಿ ನೋಡಿ. ರಕ್ತ ಕೊಟ್ಟ ಐದು ನಿಮಿಷದೊಳಗೆ ಅಲ್ಲೇ ಬೆರಳು ಚುಚ್ಚಿ. ಊಟದ ನಂತರ ಬೆರಳ ತುದಿಯ ರಕ್ತದಲ್ಲಿ ಶುಗರ್ ರಕ್ತನಾಳದ ರಕ್ತಕ್ಕಿಂತ ಹೆಚ್ಚೇ ಇರುತ್ತದೆ, ಆಗ ಹೋಲಿಸಿ ಮೀಟರ್ ಸುಳ್ಳು ಹೇಳಿತು ಎನ್ನುವುದು ಸರಿಯಲ್ಲ.

ಬಿಸಿಲು, ತೇವ, ಮಾವಿನಹಣ್ಣು

ಬಳ್ಳಾರಿ-ರಾಯಚೂರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಹಳೆಯ ಜೋಕಿದೆ. ಸ್ಟ್ರಿಪ್ಪಿನ ವಿಷಯದಲ್ಲಿ ಅದು ಜೋಕಲ್ಲ. ಸಾಮಾನ್ಯವಾಗಿ ಸ್ಟ್ರಿಪ್ ಡಬ್ಬಿಯ ಮೇಲೆ 30 ಡಿಗ್ರಿಯೊಳಗೆ ಇಡಿ ಎಂದು ಬರೆದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟುವುದು ಮಾಮೂಲು. ಶೀಟಿನ ಮನೆಯೊಳಗೂ, ಸ್ಕೂಟರ್ ಡಿಕ್ಕಿಯೊಳಗೂ ಅದಕ್ಕಿಂತ ಹೆಚ್ಚೇ. ಸ್ಟ್ರಿಪ್ಪಿನ ತುದಿಯಲ್ಲಿರುವುದು ಒಂದು ಎನ್‌ಜೈಮ್, ಕಾವು ಮತ್ತು ತೇವ ಎರಡಕ್ಕೂ ಅದು ಹಾಳಾಗುತ್ತದೆ. ಹಾಳಾದ ಸ್ಟ್ರಿಪ್ ಪ್ರತಿ ಸಲ ಎರರ್ ತೋರಿಸಿ ನಿಮ್ಮನ್ನು ಎಚ್ಚರಿಸುವುದಿಲ್ಲ. ಸುಮ್ಮನೆ ತಪ್ಪು ಅಂಕಿ ಕೊಡುತ್ತದೆ, ನೀವು ಅದನ್ನು ನಂಬಿ ಮಾತ್ರೆ ಹೆಚ್ಚಿಸುತ್ತೀರಿ.

ಹಾಗೆಂದು ಫ್ರಿಜ್ಜಿನಲ್ಲಿ ಇಟ್ಟರೆ ಇನ್ನೊಂದು ಕಷ್ಟ. ತಣ್ಣನೆಯ ಡಬ್ಬಿ ಹೊರತೆಗೆದು ಕೂಡಲೇ ಮುಚ್ಚಳ ತೆರೆದರೆ ಒಳಗೆ ತೇವ ಕೂರುತ್ತದೆ, ಮಜ್ಜಿಗೆ ಲೋಟದ ಹೊರಮೈಗೆ ಬೆವರು ಬರುವ ಹಾಗೆ. ಇನ್ಸುಲಿನ್‌ಗೆ ಒಳ್ಳೆಯದೆಂದು ಹೇಳುವ ಒದ್ದೆ ಮರಳಿನ ಮಣ್ಣಿನ ಮಡಕೆ ಸ್ಟ್ರಿಪ್ಪಿಗೆ ಬೇಡವೇ ಬೇಡ. (ಇನ್ಸುಲಿನ್‌ಗೆ ಮಾತ್ರ ಅದು ನಿಜಕ್ಕೂ ಒಳ್ಳೆಯದು. ನಮ್ಮ ಒಣ ಹವೆಯಲ್ಲಿ ನೀರು ಬೇಗ ಆರುವುದರಿಂದ ಮಡಕೆ ಚೆನ್ನಾಗಿ ತಂಪಾಗುತ್ತದೆ. ಕರಾವಳಿಯಲ್ಲಿ ಅಷ್ಟು ತಂಪಾಗದು.) ಸ್ಟ್ರಿಪ್ಪಿಗೆ ಸರಿಯಾದ ಜಾಗ ಮನೆಯಲ್ಲಿ ಬಿಸಿಲು ತಾಗದ ಒಳಕೋಣೆಯ ಕೆಳಗಿನ ಗೂಡು. ಒಲೆ, ಕಿಟಕಿ, ಬಚ್ಚಲು, ಫ್ರಿಜ್ಜಿನ ತಲೆ, ಈ ನಾಲ್ಕರಿಂದ ದೂರ. ಸ್ಟ್ರಿಪ್ಪನ್ನು ಅದರ ಸ್ವಂತ ಡಬ್ಬಿಯಲ್ಲೇ ಇಡಬೇಕು, ಒಂದು ತೆಗೆದ ತಕ್ಷಣ ಮುಚ್ಚಳ ಟಕ್ ಎನ್ನುವ ಹಾಗೆ ಹಾಕಬೇಕು. ಆ ಮುಚ್ಚಳದೊಳಗೋ ಡಬ್ಬಿಯ ಗೋಡೆಯೊಳಗೋ ತೇವ ಹೀರುವ ವಸ್ತು ಇರುತ್ತದೆ. ಪ್ಲಾಸ್ಟಿಕ್ ಕವರಿಗೆ ಹತ್ತು ಸ್ಟ್ರಿಪ್ ಸುರಿದು ಊರಿಗೆ ಒಯ್ದರೆ ಆ ಕಾವಲು ಹೋಯಿತು. ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಎಂಬುದು ಕಂಪನಿಗೊಂದು ತರಹ. ಕೆಲವಕ್ಕೆ ಮೂರು ತಿಂಗಳು, ಕೆಲವಕ್ಕೆ ಆರು, ಕೆಲವಕ್ಕೆ ಡಬ್ಬಿಯ ಮೇಲಿನ ಕೊನೆ ತಾರೀಖಿನ ತನಕ. ತೆರೆದ ದಿನವನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೇ ಬರೆಯಿರಿ.

ಮೀಟರಿಗೂ ಒಂದು ಮಿತಿ ಇದೆ. ಸಾಮಾನ್ಯವಾಗಿ 10ರಿಂದ 40 ಡಿಗ್ರಿ ಅಥವಾ ಅದಕ್ಕೆ ನಾಲ್ಕೈದು ಡಿಗ್ರಿ ಮೇಲೆ. ಮಧ್ಯಾಹ್ನ ಎರಡಕ್ಕೆ ಶೀಟಿನ ಕೆಳಗೆ ನೋಡಿದರೆ ಥರ್ಮಾಮೀಟರಿನ ಗುರುತು ತೋರಿಸಿ ಸುಮ್ಮನಾಗುತ್ತದೆ. ಮೀಟರ್ ಕೆಟ್ಟಿಲ್ಲ. ನೆರಳಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ.

ಇನ್ನು ಕೈ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಕು ಎಂಬ ನಂಬಿಕೆ ಆಸ್ಪತ್ರೆಯಿಂದ ಮನೆಗೆ ಬಂದದ್ದು. ಹಣ್ಣು ಸುಲಿದ ಬೆರಳಿಗೆ ಆ ಹತ್ತಿ ಸಾಲದು. ಕೊಪ್ಪಳದ ಕೇಸರ್ ಮಾವೋ, ದಾಳಿಂಬೆಯೋ ಬಿಡಿಸಿ ಅದೇ ಕೈಯಲ್ಲಿ ಚುಚ್ಚಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಮೀಟರಿಗೆ ಬೇಕಾದ ರಕ್ತ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಭಾಗ, ಕೆಲವಕ್ಕೆ ಅದರ ಅರ್ಧ. ಅಷ್ಟು ಸಣ್ಣ ಹನಿಗೆ ಹಣ್ಣಿನ ರಸದ ಅಂಟು ಬೆರೆತರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸೋಪು ಹಾಕಿ ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಚುಚ್ಚಿ. ಒದ್ದೆ ಬೆರಳಲ್ಲಿ ಹನಿ ನೀರಾಗುತ್ತದೆ, ಅಂಕಿ ಇಳಿಯುತ್ತದೆ. ಬೆರಳಿನ ತುದಿ ಬೇಡ, ಪಕ್ಕಕ್ಕೆ ಚುಚ್ಚಿ, ಅಲ್ಲಿ ನೋವು ಕಡಿಮೆ. ಗದ್ದೆ ಕೆಲಸದ ಗಟ್ಟಿ ಚರ್ಮಕ್ಕೆ ಚುಚ್ಚುವ ಪೆನ್ನಿನ ಅಂಕಿ 4 ಅಥವಾ 5ಕ್ಕೆ ತಿರುಗಿಸಬೇಕಾಗಬಹುದು, ಮೆತ್ತಗಿನ ಕೈಗೆ 2 ಸಾಕು. ರಕ್ತ ಬಾರದಿದ್ದರೆ ಬೆರಳನ್ನು ಹಿಂಡಬೇಡಿ, ಕೈ ಕೆಳಗೆ ಇಳಿಬಿಟ್ಟು ಅಂಗೈಯಿಂದ ಬೆರಳಿನ ಕಡೆಗೆ ನೀವಿ.

ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಒಂದು ವಿಷಯ ಡಾಕ್ಟರಿಗೆ ಹೇಳಲೇಬೇಕು. ಹಿಮೋಗ್ಲೋಬಿನ್ ತೀರಾ ಇಳಿದಿದ್ದರೆ ಬೆರಳಿನ ಮೀಟರ್ ಇರುವುದಕ್ಕಿಂತ ಹೆಚ್ಚು ಶುಗರ್ ತೋರಿಸಬಹುದು. ಕಬ್ಬಿಣದ ಕೊರತೆ ಇದ್ದರೆ ಮೂರು ತಿಂಗಳ ಟೆಸ್ಟ್ ಎನ್ನುತ್ತಾರಲ್ಲ, ಸರಾಸರಿ ಶುಗರ್ ಹೇಳುವ ಆ ಎಚ್‌ಬಿಎ1ಸಿ ಕೂಡ ಸುಳ್ಳಾಗಿ ಏರಬಹುದು. ಎರಡೂ ಒಂದೇ ದಿಕ್ಕಿಗೆ ಸುಳ್ಳು ಹೇಳಿದಾಗ ನಿಜ ಹೊರಬರುವುದು ಲ್ಯಾಬಿನ ರಕ್ತದಿಂದಲೇ.

ಸೆನ್ಸಾರ್: ಬಾಡಿಗೆ ಮನೆಯ ಹಾಗೆ ಬಳಸಿ

ಹದಿನಾಲ್ಕು ದಿನದ ಒಂದು ಸೆನ್ಸಾರಿಗೆ ಸಾವಿರಗಳ ಲೆಕ್ಕದಲ್ಲಿ ಖರ್ಚು. ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತಾರು. ಮಾತ್ರೆಯವರು ಸದಾ ಹಾಕಿಕೊಂಡೇ ಇರುವುದು ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ. ಆದರೆ ವರ್ಷಕ್ಕೊಮ್ಮೆ, ಒಂದೇ ಒಂದು ಸೆನ್ಸಾರ್, ಒಂದು ಪ್ರಶ್ನೆ ಇಟ್ಟುಕೊಂಡು ಹಾಕಿಸಿಕೊಂಡರೆ ಅದು ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ. ಮೂರು ತಿಂಗಳ ಟೆಸ್ಟ್ 8.5 ಬಂದಿದೆ, ಆದರೆ ಬೆಳಗ್ಗೆ ಖಾಲಿ ಹೊಟ್ಟೆಯದು 120ರ ಆಸುಪಾಸು. ಹಾಗಿದ್ದರೆ ಏರುವುದು ಯಾವಾಗ? ಇಂಥ ಒಗಟಿಗೆ ಸೆನ್ಸಾರಿನಷ್ಟು ಬೇಗ ಉತ್ತರ ಕೊಡುವ ವಸ್ತು ಇನ್ನೊಂದಿಲ್ಲ.

ಹಾಕಿದ ಮೊದಲ ದಿನದ ಅಂಕಿಗಳನ್ನು ನಂಬಬೇಡಿ, ಚರ್ಮದೊಳಗೆ ಅದು ಹೊಂದಿಕೊಳ್ಳಲು ಹೊತ್ತು ಬೇಕು. ಮುಂದಿನ ಮೂರು ದಿನ ಎಂದಿನ ಊಟವನ್ನೇ ಮಾಡಿ. ಸೆನ್ಸಾರ್ ಬಂತೆಂದು ಒಳ್ಳೆಯ ಹುಡುಗನ ಹಾಗೆ ಸೌತೆಕಾಯಿ ತಿಂದರೆ ಸೆನ್ಸಾರಿಗೂ ಮೋಸ, ನಿಮಗೂ ಮೋಸ. ಐದನೆಯ ದಿನದಿಂದ ಒಂದೊಂದೇ ಬದಲಾವಣೆ ಪರೀಕ್ಷಿಸಿ: ಒಂದು ದಿನ ಮಧ್ಯಾಹ್ನ ಅನ್ನ, ಮರುದಿನ ಅದೇ ಹೊತ್ತಿಗೆ ಎರಡು ರೊಟ್ಟಿ, ಜುಣಕ, ಪುಂಡಿಪಲ್ಯ. ಒಂದು ದಿನ ಬೆಳಗ್ಗೆ ಮಂಡಾಳು (ಮಂಡಕ್ಕಿ) ಒಗ್ಗರಣೆ, ಮಿರ್ಚಿ. ಮತ್ತೊಂದು ದಿನ ಅದನ್ನೇ ಅರ್ಧ ಪ್ಲೇಟ್ ತಿಂದು ಹದಿನೈದು ನಿಮಿಷ ನಡಿಗೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು.

ಸೆನ್ಸಾರ್ ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ನೀರನ್ನು. ರಕ್ತದಲ್ಲಿ ಆದದ್ದು ಅಲ್ಲಿಗೆ ತಲುಪಲು ಐದು ಹತ್ತು ನಿಮಿಷ ಹಿಡಿಯುತ್ತದೆ. ಶುಗರ್ ಸರ್ರನೆ ಇಳಿಯುತ್ತಿರುವಾಗ ಸೆನ್ಸಾರ್ 85 ಎನ್ನುತ್ತಿರುತ್ತದೆ, ಬೆರಳಿನಲ್ಲಿ ಆಗಲೇ 65. ಮೈ ಬೆವರಿ, ಕೈ ನಡುಗಿ, ಎದೆ ಡವಡವ ಎಂದರೆ ಸೆನ್ಸಾರ್ ಏನೇ ಹೇಳಲಿ, ಬೆರಳು ಚುಚ್ಚಿ ನೋಡಿ. ಇನ್ನೊಂದು: ಸೆನ್ಸಾರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಆ ಜಾಗ ಒತ್ತಿಕೊಂಡು ರಾತ್ರಿ ಎರಡಕ್ಕೆ 58 ಎಂದು ತೋರಿಸಬಹುದು. ಎದ್ದು ಕೂತು ಹತ್ತಿಪ್ಪತ್ತು ನಿಮಿಷದಲ್ಲಿ ತಾನೇ ಮೇಲೆ ಬಂದರೆ ಅದು ಒತ್ತಡದ ಆಟ. ಕಡಿಮೆಯಾಯಿತೆಂದು ಮನೆಮಂದಿ ಬಾಯಿಗೆ ಸಕ್ಕರೆ ಸುರಿದು ಬೆಳಗ್ಗೆ 240 ಬರಿಸಿಕೊಳ್ಳುವುದು ಇಂಥ ರಾತ್ರಿಗಳಲ್ಲೇ.

ಲಿಬ್ರೆಯ ಮೊದಲ ಮಾದರಿಯಲ್ಲಿ ಅಲಾರ್ಮ್ ಇಲ್ಲ, ಎಂಟು ಗಂಟೆಗಿಂತ ಹಳೆಯ ಅಂಕಿ ಅದರ ನೆನಪಿನಲ್ಲಿ ಉಳಿಯುವುದೂ ಇಲ್ಲ. ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ಸ್ಕ್ಯಾನ್ ಮಾಡದಿದ್ದರೆ ರಾತ್ರಿಯ ಗೆರೆ ತುಂಡಾಗುತ್ತದೆ. ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ನುಂಗುವವರಿಗೆ ಅಂಕಿ ಸುಳ್ಳಾಗಿ ಏರುತ್ತದೆ. ಬೆವರಿಗೆ ಅಂಟು ಬಿಡುವುದು ಇಲ್ಲಿನ ದೊಡ್ಡ ತಕರಾರು. ಹಚ್ಚುವ ಜಾಗಕ್ಕೆ ಆ ದಿನ ಎಣ್ಣೆ, ಕ್ರೀಮ್ ಬೇಡ, ತೊಳೆದು ಪೂರ್ತಿ ಒಣಗಿದ ಮೇಲೆ ಹಾಕಿಸಿ, ಸಾಧ್ಯವಾದರೆ ಬೇಸಿಗೆ ಬಿಟ್ಟು ನವೆಂಬರ್-ಜನವರಿಯಲ್ಲಿ ಹಾಕಿಸಿ. ಎಂಆರ್‌ಐ ಸ್ಕ್ಯಾನ್ ಇದ್ದರೆ ಮೊದಲು ತೆಗೆಯಬೇಕು.

ಕೊನೆಗೆ ಸಿಗುವ ವರದಿಯಲ್ಲಿ ಪುಟಗಟ್ಟಲೆ ಗೆರೆಗಳಿರುತ್ತವೆ. ನೋಡಬೇಕಾದ್ದು ಎರಡು. 70ರಿಂದ 180ರ ನಡುವೆ ದಿನದ ಎಷ್ಟು ಪಾಲು ಇತ್ತು? ಬಹುತೇಕರಿಗೆ ಶೇ 70 ದಾಟಿದರೆ ಒಳ್ಳೆಯದು. 70ಕ್ಕಿಂತ ಕೆಳಗೆ ಎಷ್ಟು? ಶೇ 4ಕ್ಕಿಂತ ಕಡಿಮೆ ಇರಬೇಕು. ಊಟವಾದ ಮುಕ್ಕಾಲು ಗಂಟೆಗೆ ಗೆರೆ ಗುಡ್ಡದ ಹಾಗೆ ಏರಿ ಇಳಿದಿದೆಯೆಂದು ಕಂಗಾಲಾಗಬೇಡಿ. ಉಂಡಾಗ ಶುಗರ್ ಏರದ ಮನುಷ್ಯ ಭೂಮಿ ಮೇಲಿಲ್ಲ.

ಚರ್ಮವನ್ನೇ ಚುಚ್ಚದೆ ಶುಗರ್ ಹೇಳುತ್ತೇವೆ ಎನ್ನುವ ವಾಚು, ಉಂಗುರಗಳನ್ನು ಕೊಳ್ಳಬೇಡಿ. ಅಂಥವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ, ಇಂಥ ಒಂದನ್ನೂ ಅದು ಒಪ್ಪಿರಲಿಲ್ಲ.

ಆ್ಯಪ್

ಊಟ ಬರೆದಿಡುವ ಆ್ಯಪ್‌ಗಳು ಬಿಡುವಾಗಿರುವವರಿಗೆ ಸರಿ. ನಮ್ಮ ಅಡುಗೆಮನೆಯಲ್ಲಿ ಅವು ಎಡವುವುದು ಒಂದೇ ಕಡೆ: ಅಳತೆ. ಆ್ಯಪ್‌ನಲ್ಲಿ ‘ಜೋಳದ ರೊಟ್ಟಿ, 1’ ಎಂದು ಒತ್ತಿದರೆ ಅದಕ್ಕೊಂದು ಅಂಕಿ ಬರುತ್ತದೆ. ಯಾರ ಮನೆಯ ರೊಟ್ಟಿ? ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಹತ್ತಿರಹತ್ತಿರ 68 ಗ್ರಾಂ ಕಾರ್ಬೊಹೈಡ್ರೇಟ್. 45 ಗ್ರಾಂ ಹಿಟ್ಟಿನ ರೊಟ್ಟಿಯಾದರೆ 31 ಗ್ರಾಂ, ಕೈ ಅಗಲ ಮಾಡಿ 70 ಗ್ರಾಂ ಹಿಟ್ಟು ತಟ್ಟಿದರೆ 48. ಖಡಕ್ ರೊಟ್ಟಿ ಹಗುರ ಎಂದು ನಾಲ್ಕು ಮುರಿದುಕೊಳ್ಳುತ್ತಾರೆ. ಒಣಗಿದಾಗ ಹೋದದ್ದು ನೀರು, ಹಿಟ್ಟು ಎಲ್ಲಿಗೂ ಹೋಗಿಲ್ಲ. ಜೋಳ ತಿಂದರೆ ಶುಗರ್ ಬರುವುದಿಲ್ಲ, ಎಷ್ಟಾದರೂ ತಿನ್ನಬಹುದು ಎಂಬ ಮಾತು ಈ ಸೀಮೆಯ ಅತಿ ದೊಡ್ಡ ಸುಳ್ಳು. ಜೋಳದಲ್ಲಿ ನಾರು ಹೆಚ್ಚು, ಪಾಲಿಶ್ ಅಕ್ಕಿಗಿಂತ ಒಳ್ಳೆಯದು, ಅಷ್ಟು ನಿಜ.

ಒಮ್ಮೆ, ಒಂದೇ ಒಮ್ಮೆ, ತರಕಾರಿ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ನಿಮ್ಮ ಮನೆಯ ಒಂದು ರೊಟ್ಟಿಯ ಹಿಟ್ಟು, ನಿಮ್ಮ ಸೌಟಿನ ಒಂದು ಸೌಟು ಅನ್ನ, ಒಂದು ಹಿಡಿ ಮಂಡಾಳು ತೂಗಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಬಿಡಿ. ಬೇಯಿಸಿದ ಸೋನಾ ಮಸೂರಿ ಅನ್ನ ನೂರು ಗ್ರಾಮಿಗೆ 28 ಗ್ರಾಂ ಆಸುಪಾಸು ಕಾರ್ಬೊಹೈಡ್ರೇಟ್ ಎಂದಿಟ್ಟುಕೊಳ್ಳಿ. ಗಂಗಾವತಿ ಅಕ್ಕಿಯಾದರೂ ಸಿಂಧನೂರಿನದಾದರೂ ಇದರಲ್ಲಿ ದೊಡ್ಡ ಫರಕಿಲ್ಲ. ಮಂಡಾಳು ಗಾಳಿ ತುಂಬಿದ ಅಕ್ಕಿಯೇ, ಹಗುರವಾಗಿರುವುದರಿಂದ ಮೋಸ ಹೋಗುವುದು ಸುಲಭ, ರಕ್ತಕ್ಕೆ ಸೇರುವುದೂ ಬೇಗ. ಇಷ್ಟು ಬರೆದಿಟ್ಟರೆ ದಿನಾ ಮೂರು ಹೊತ್ತು ಫೋನಿನಲ್ಲಿ ಟೈಪ್ ಮಾಡುವ ಕೆಲಸ ತಪ್ಪುತ್ತದೆ. ಆ್ಯಪ್ ಬೇಕೇ ಬೇಕೆಂದರೆ ಮೀಟರಿನ ಅಂಕಿ ತಾನಾಗಿ ಸೇರುವ ಕಂಪನಿಯ ಆ್ಯಪ್ ಒಂದನ್ನಷ್ಟೇ ಇಟ್ಟುಕೊಂಡು, ಅದರ ನೋಟಿಫಿಕೇಶನ್ ಬಂದ್ ಮಾಡಿ.

ವಿಡಿಯೊ ನೋಡುವವರು ಮೊದಲು ಗಮನಿಸಬೇಕಾದ್ದು ಅಂಕಿಯ ಮಾನ. ಇಲ್ಲಿ ಮತ್ತು ಅಮೆರಿಕದಲ್ಲಿ ಮಿಲಿಗ್ರಾಂ ಲೆಕ್ಕ, ಬ್ರಿಟನ್ನಿನಲ್ಲಿ ಮಿಲಿಮೋಲ್. ಅವರ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು. ಅವರ 7 ಅಂದರೆ ನಮ್ಮ 126. ಎಚ್‌ಬಿಎ1ಸಿಯ 7 ಇದೆಯಲ್ಲ, ಅದು ಶೇಕಡಾ ಲೆಕ್ಕ, ಸರಾಸರಿ ಶುಗರ್ 154ಕ್ಕೆ ಸಮ. ಎರಡು ಬೇರೆ ಬೇರೆ ಏಳುಗಳನ್ನು ಕಲಸಿ ಗೊಂದಲವಾಗುವುದು ದಿನನಿತ್ಯದ ಮಾತು. ಅಮೃತಬಳ್ಳಿಯ ಬಗ್ಗೆ ಇಷ್ಟು: ಅದನ್ನು ಸೇವಿಸಿ ಲಿವರ್‌ಗೆ ಏಟಾದ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ.

ನೋಟ್‌ಬುಕ್: ಐದಕ್ಕೆ ಐದು

ಇನ್ನೂರು ಪುಟದ, ಗೆರೆ ಇರುವ ಸಾದಾ ನೋಟ್‌ಬುಕ್. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ, ಪಾಸ್‌ವರ್ಡ್ ಮರೆಯುವುದಿಲ್ಲ. ವಾರಕ್ಕೊಂದು ಪುಟ. ಎಡಕ್ಕೆ ವಾರದ ಏಳು ದಿನಗಳ ಹೆಸರು, ಮೇಲೆ ಏಳು ಕಾಲಮ್: ತಿಂಡಿ ಮುಂಚೆ, ತಿಂಡಿ ನಂತರ, ಊಟ ಮುಂಚೆ, ಊಟ ನಂತರ, ರಾತ್ರಿ ಮುಂಚೆ, ರಾತ್ರಿ ನಂತರ, ಕೊನೆಗೆ ‘ಏನಾಯ್ತು’. ‘ನಂತರ’ ಅಂದರೆ ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಎರಡು ಗಂಟೆ. ಕೈ ತೊಳೆದ ಹೊತ್ತಿನಿಂದಲ್ಲ. ಮದುವೆ ಊಟ ಒಂದು ಗಂಟೆ ನಡೆದರೆ ಅಲ್ಲೇ ಲೆಕ್ಕ ತಪ್ಪುತ್ತದೆ.

ಸೋಮವಾರ ತಿಂಡಿಯ ಜೋಡಿ, ಬುಧವಾರ ಮಧ್ಯಾಹ್ನದ ಊಟದ ಜೋಡಿ, ಶನಿವಾರ ರಾತ್ರಿಯ ಜೋಡಿ, ಅಲ್ಲಿಗೆ ಆರು. ಗುರುವಾರ ಮತ್ತು ಭಾನುವಾರ ಬರೀ ಖಾಲಿ ಹೊಟ್ಟೆಯದು, ಅಲ್ಲಿಗೆ ಎಂಟು. ಐವತ್ತು ಸ್ಟ್ರಿಪ್ಪಿನ ಡಬ್ಬಿ ಆರು ವಾರ ಬರುತ್ತದೆ. ಮಿಕ್ಕ ಮನೆಗಳು ಖಾಲಿ ಇರಲಿ, ಖಾಲಿ ಮನೆ ತಪ್ಪಲ್ಲ. ಜೋಡಿಯಲ್ಲಿ ನೋಡಬೇಕಾದ್ದು ಏರಿಕೆ. ಮುಂಚೆ 118, ನಂತರ 150 ಆದರೆ ತಟ್ಟೆ ಸರಿಯಿದೆ. ಮುಂಚೆ 125, ನಂತರ 230 ಆದರೆ ತಪ್ಪು ತಟ್ಟೆಯಲ್ಲಿದೆ, ‘ಏನಾಯ್ತು’ ಕಾಲಮ್ಮಿನಲ್ಲಿ ಮೂರು ಪದ ಬರೆಯಿರಿ: ‘ಒಗ್ಗರಣೆ, ಫುಲ್ ಪ್ಲೇಟ್’. ಮುಂಚೆಯದೇ 190 ಇದ್ದು ನಂತರ 215 ಆದರೆ ಆ ಊಟವನ್ನು ಬೈಯಬೇಡಿ, ತೊಂದರೆ ಅದಕ್ಕೂ ಹಿಂದಿನದು.

ಬಹಳಷ್ಟು ವಯಸ್ಕರಿಗೆ ಗುರಿ ಊಟಕ್ಕೆ ಮುಂಚೆ 80ರಿಂದ 130, ನಂತರ 180ರೊಳಗೆ, ಎಚ್‌ಬಿಎ1ಸಿ 7ರೊಳಗೆ. ಎಪ್ಪತ್ತೈದು ದಾಟಿದ, ಒಂಟಿಯಾಗಿರುವ, ಕಿಡ್ನಿ ತೊಂದರೆ ಇರುವ ಅಜ್ಜ-ಅಜ್ಜಿಯರಿಗೆ ಡಾಕ್ಟರು ಇದನ್ನು ಸಡಿಲಿಸುತ್ತಾರೆ. ಅವರ ಗುರಿಯನ್ನು ನೋಟ್‌ಬುಕ್ಕಿನ ರಟ್ಟಿನೊಳಗೆ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ. ಸರ್ಕಾರಿ ಒಪಿಡಿಯಲ್ಲಿ ನಿಮಗೆ ಸಿಗುವುದು ಮೂರು ನಾಲ್ಕು ನಿಮಿಷ. ಮೊಬೈಲಿನಲ್ಲಿ ಗ್ರಾಫ್ ಹುಡುಕುವಷ್ಟರಲ್ಲಿ ಮುಂದಿನವರ ಹೆಸರು ಕೂಗುತ್ತಾರೆ. ಕಳೆದ ಎಂಟು ವಾರದ ಪುಟಗಳಲ್ಲಿ 70ಕ್ಕಿಂತ ಕೆಳಗಿನವು ಮತ್ತು 250 ದಾಟಿದವನ್ನು ಮಾತ್ರ ಕೆಂಪು ಪೆನ್ನಿನಲ್ಲಿ ಸುತ್ತಿ ಒಯ್ಯಿರಿ. ಡಾಕ್ಟರು ಪುಟ ತಿರುವುತ್ತಲೇ ಯಾವ ಹೊತ್ತಿನ ಮಾತ್ರೆ ಮುಟ್ಟಬೇಕೆಂದು ತಿಳಿಯುತ್ತದೆ.

ಅದೇ ನೋಟ್‌ಬುಕ್ಕಿನ ಕೊನೆಯ ಪುಟ ವರ್ಷದ ಲೆಕ್ಕಕ್ಕೆ. ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ, ಹತೋಟಿಯಲ್ಲಿದ್ದರೆ ಆರಕ್ಕೊಮ್ಮೆ. ಕಣ್ಣಿನ ಪರದೆ, ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಪಾದದ ಸ್ಪರ್ಶ ವರ್ಷಕ್ಕೊಮ್ಮೆ. ಬಿಪಿ ಆಸ್ಪತ್ರೆಗೆ ಹೋದಾಗಲೆಲ್ಲ. ಮೀಟರ್ ಕೊಂಡವರು ಇವನ್ನು ಮರೆಯುವುದೇ ಹೆಚ್ಚು, ಕಣ್ಣು-ಕಿಡ್ನಿಯ ಸುದ್ದಿ ಮೀಟರ್ ಹೇಳುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ಕ್ಲಿನಿಕ್ಕಿನಲ್ಲಿ ಶುಗರ್, ಬಿಪಿ ಪರೀಕ್ಷೆಯೂ ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳೂ ಪುಕ್ಕಟೆ. ಉಳಿದ ದುಡ್ಡು ಕಣ್ಣಿನ ಪರೀಕ್ಷೆಗೆ ಹಾಕಿ.

ನೋಟ್‌ಬುಕ್ಕಿನ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ, ಮನೆಮಂದಿಗೆಲ್ಲ ಕಾಣುವ ಹಾಗೆ ಬರೆಯಬೇಕಾದ ಎರಡು ಸಾಲು ಇವೆ. ಮೊದಲನೆಯದು: 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸುವುದು, ಹದಿನೈದು ನಿಮಿಷಕ್ಕೆ ಮತ್ತೆ ನೋಡುವುದು, ಏರದಿದ್ದರೆ ಮತ್ತೊಮ್ಮೆ, ಏರಿದರೆ ಊಟ. ವೋಗ್ಲಿಬೋಸ್, ಅಕಾರ್ಬೋಸ್ ಎಂಬ ಶುಗರ್ ಮಾತ್ರೆ ನುಂಗುವವರಿಗೆ ಸಕ್ಕರೆ ನಿಧಾನ, ಗ್ಲೂಕೋಸ್ ಪುಡಿಯೇ ಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್‌ಗೆ 108. ಎರಡನೆಯದು: ಎರಡು ಸಲ ನೋಡಿದರೂ 300ರ ಮೇಲಿದ್ದು, ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರೆ ಆಸ್ಪತ್ರೆ. ಶುಗರ್ ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್‌ನಂಥ ಮಾತ್ರೆ ಇರುವವರು ಶ್ರಾವಣ ಸೋಮವಾರವೋ ರಂಜಾನ್ ಉಪವಾಸವೋ ಹಿಡಿಯುವ ಮುಂಚೆ ಡೋಸ್ ಬಗ್ಗೆ ಡಾಕ್ಟರನ್ನು ಕೇಳಬೇಕು. ಡಾಪಾಗ್ಲಿಫ್ಲೋಜಿನ್ ನುಂಗುವವರ ಮೂತ್ರದಲ್ಲಿ ಸಕ್ಕರೆ ಬಂದೇ ಬರುತ್ತದೆ, ಆ ಮಾತ್ರೆಯ ಕೆಲಸವೇ ಅದು. ಲ್ಯಾಬ್ ಚೀಟಿಯಲ್ಲಿ ನಾಲ್ಕು ಪ್ಲಸ್ ಕಂಡು ಹೆದರಬೇಡಿ, ಆದರೆ ಬೇಸಿಗೆಯಲ್ಲಿ ನೀರು ಕುಡಿಯುವುದನ್ನು ಮರೆಯಬೇಡಿ.

ಬಳಸಿದ ಸೂಜಿ, ಸ್ಟ್ರಿಪ್ಪುಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ. ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಬೆರಳಿಗೆ ಅದು ಚುಚ್ಚಬಾರದು. ಮೀಟರಿನ ಬ್ಯಾಟರಿ ಹಲವು ಮಾದರಿಗಳಲ್ಲಿ ವಾಚಿನ ಅಂಗಡಿಯಲ್ಲಿ ಸಿಗುವ ಬಿಲ್ಲೆ ಸೆಲ್ಲೇ. ಅದನ್ನು ಬದಲಾಯಿಸಿದ ದಿನ ತಾರೀಖು, ಗಂಟೆ ಮತ್ತೆ ಹೊಂದಿಸಿ. ಬಿಟ್ಟರೆ ರಾತ್ರಿ ಒಂಬತ್ತರ ಅಂಕಿ ಮೀಟರಿನ ನೆನಪಿನಲ್ಲಿ ಬೆಳಗಿನ ಆರಕ್ಕೆ ಸೇರಿಕೊಳ್ಳುತ್ತದೆ, ಡಾಕ್ಟರು ಬೆಳಗಿನ ಮಾತ್ರೆ ಹೆಚ್ಚಿಸುತ್ತಾರೆ.